ಗುಂಡಿಗೆಲ್ಲಿಯ ಬಾಗಿಲು

ಮೈಮೇಲೆ ಎಚ್ಚರವಿಲ್ಲದೆ ಮಲಗಿದವರಿಗೂ ಮಾತು ಕೇಳಿಸುತ್ತದೆ ಅಂದವರನ್ನು ನಾನು ಗೇಲಿ ಮಾಡಿದವನೇ. ‘ಕೇಳಿಸಿದ್ರೆ ಎದ್ದು ಕೂರ್ತಿರಲಿಲ್ವೇನು?’ ಎನ್ನುತ್ತಿದ್ದೆ. ಆಡಿದ ಮಾತು ಆಡಿದವನಿಗೇ ತಿರುಗಿ ಬಂತು.

ಮೊಳಕಾಲ್ಮೂರಿನಲ್ಲಿ ನಾನು, ನನ್ನ ಹೆಂಡತಿ ಗಂಗಮ್ಮ ಒಂದೇ ಮಗ್ಗದಲ್ಲಿ ರೇಷ್ಮೆ ಸೀರೆ ನೇಯುತ್ತೇವೆ. ನಾನು ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ಲಾಳಿ ಎಸೆದರೆ, ಅಂಚಿನ ಲಾಳಿಯನ್ನು ಅವಳು ಆ ಕಡೆಯಿಂದ ಕಳಿಸಬೇಕು. ಆರು ವರ್ಷದ ಹಿಂದೆ ಒಂದು ಬೆಳಿಗ್ಗೆ, ಮಿದುಳು ಜ್ವರ ಏರಿ, ಆ ಗುಂಡಿಯೊಳಕ್ಕೇ ಕುಸಿದೆ.

ಆಮೇಲೆ ಆಸ್ಪತ್ರೆಗೆ ಸೇರಿಸಿದರಂತೆ. ನನ್ನ ಪಾಲಿಗೆ ನಾನಿನ್ನೂ ಗುಂಡಿಯಲ್ಲೇ ಇದ್ದೆ. ಕುತ್ತಿಗೆವರೆಗೆ ಮಣ್ಣು, ಕಾಲು ಮೇಲೆ ಬಾರದು, ಬಾಯಿ ಬಿಚ್ಚದು. ಮೇಲಿನಿಂದ ಚಳ್ಳಕೆರೆಯ ಅಣ್ಣನ ದನಿ ಮಾತ್ರ ಸ್ಪಷ್ಟವಾಗಿತ್ತು: ‘ಇನ್ನೇನೈತೆ ಗಂಗಮ್ಮ? ಉಸಿರಿನ ನಳಿಕೆ ತೆಗ್ಸಿ ಊರಿಗೆ ಕರ್ಕೊಂಡು ಹೋಗಾನ.’ ಊರಿಗೆ ಅಂದರೆ ಎಲ್ಲಿಗೆ ಅಂತ ನನಗೆ ಗೊತ್ತಿತ್ತು. ಕಿರುಚಿದೆ, ಯಾರಿಗೂ ಕೇಳಲಿಲ್ಲ. ಜನ್ಮದಲ್ಲಿ ಅಷ್ಟು ಹೆದರಿದ್ದಿಲ್ಲ.

‘ಒಂದಿನ ತಡೀರಿ ಭಾವ. ಡಾಕ್ಟ್ರು ತಲೆಗೆ ವೈರ್ ಹಾಕಿ, ಮಾತು ತಿಳೀತೈತಾ ಅಂತ ನೋಡ್ತಾರಂತೆ’ ಅಂದಳು ಅವಳು.

ಮರುದಿನ ಕಿವಿಯಲ್ಲಿ ಗಂಗಮ್ಮನದೇ ದನಿ, ಫೋನಿನಲ್ಲಿ ರೆಕಾರ್ಡ್ ಮಾಡಿದ್ದು. ಜೋಡಿ ಜೋಡಿ ಪದಗಳು. ‘ಲಾಳಿ, ನೂಲು.’ ಸಲೀಸು. ‘ರಾಗಿ, ಮುದ್ದೆ.’ ಸಲೀಸು. ‘ಕುರಿ, ಕನ್ನಡಕ.’ ಎಳೆ ಕಡಿದ ಹಾಗೆ ನನ್ನ ಮನಸ್ಸು ತಡವರಿಸಿತು. ಅದಲ್ಲ ಕಣೇ, ಕುರಿಗೆ ಕಂಬಳಿ ಅನ್ನು ಎಂದು ಒಳಗೇ ರೇಗಿದೆ. ಹಾಗೆ ಹೊಂದದ ಪದ ಬಂದಾಗಲೆಲ್ಲ ಯಂತ್ರದ ಗೆರೆ ಬೇರೆ ಥರ ಏಳುತ್ತಿತ್ತಂತೆ.

ಪಟ್ಟಿ ಮುಗಿದು ಸದ್ದಡಗಿತು. ಆಗ ನನ್ನ ಬೆನ್ನ ಹಿಂದೆ, ಗುಂಡಿಯೊಳಗಿಂದಲೇ, ಅಪ್ಪ ಮಾತಾಡಿದ. ನನಗೆ ಮಗ್ಗ ಕಲಿಸಿದ ಅಪ್ಪ, ತೀರಿಕೊಂಡು ಎಷ್ಟೋ ವರ್ಷ ಆಗಿತ್ತು. ‘ಗುಂಡಿ’ ಅಂದ. ‘ಮಗ್ಗ’ ಬರುತ್ತದೆಂದು ಕಾದೆ. ‘ಬಾಗ್ಲು’ ಅಂದ. ಗುಂಡಿಗೆಲ್ಲಿಯ ಬಾಗಿಲು ಎಂದು ತಿರುಗಿ ನೋಡಲು ಹೋದೆ. ಬಲಗೈ ಬೆರಳು ಅಲುಗಿತು. ಗಂಗಮ್ಮ ಅಳುತ್ತ ಡಾಕ್ಟರನ್ನು ಕರೆದದ್ದು ಕೇಳಿಸಿತು.

ಗುಣವಾದ ಮೇಲೆ ಡಾಕ್ಟರು ಕಾಗದ ತೋರಿಸಿದರು. ಪಟ್ಟಿ ಮುಗಿದ ಮೇಲೂ ಗೆರೆ ಒಮ್ಮೆ ಎದ್ದಿತ್ತು. ‘ಬೆರಳು ಅಲುಗಿದ್ದಕ್ಕೆ ಹಾಗಾಗಿರಬಹುದು’ ಅಂದರು. ಆದರೆ ಕಾಗದದಲ್ಲಿ ಗೆರೆ ಎದ್ದದ್ದು ಬೆರಳು ಅಲುಗಿದ ಹೊತ್ತಿಗೆ ಹಾಕಿದ್ದ ಗುರುತಿಗಿಂತ ಮೊದಲು. ಅದನ್ನು ಕೇಳಿದೆ, ಅವರು ಕಾಗದ ಮಡಿಸಿಟ್ಟರು.

ಅಣ್ಣ ಇವತ್ತಿಗೂ ನನ್ನ ಮುಖ ನೋಡಿ ಮಾತಾಡುವುದಿಲ್ಲ, ನಾನೂ ಕೆದಕಿಲ್ಲ. ದಿನಾ ಬೆಳಿಗ್ಗೆ ಗುಂಡಿಗೆ ಕಾಲಿಳಿಸುವ ಮೊದಲು, ಒಳಗಿನ ಮಣ್ಣಿನ ಗೋಡೆಯನ್ನು ಸುತ್ತಲೂ ಕೈಯಿಂದ ತಡವಿ ನೋಡುತ್ತೇನೆ.

‘ಏನು ಹುಡುಕ್ತೀರಿ?’ ಅನ್ನುತ್ತಾಳೆ ಗಂಗಮ್ಮ.

‘ಏನಿಲ್ಲ, ಲಾಳಿ ಕಳ್ಸು’ ಅನ್ನುತ್ತೇನೆ.