ಮುಚ್ಚದ ಫೈಲು, ನನ್ನ ಹೊಟ್ಟೆಕಿಚ್ಚು

ಕೋವಿಡ್ ಮುಗಿದ ಮಾರನೇ ವರ್ಷ ನಾನು ಹಳಿಯಾಳದ ಒಂದು ಚಿಕ್ಕ ಕಂಪನಿಯಲ್ಲಿ ಸೀನಿಯರ್ ಪ್ರೋಗ್ರಾಮರ್ ಆಗಿದ್ದೆ. ನಮ್ಮ ಮನೆಯ ಯಜಮಾನರು ಪೇಪರ್ ಮಿಲ್ಲಿನಲ್ಲಿದ್ದುದರಿಂದ ದಾಂಡೇಲಿ ಬಿಡುವಂತಿರಲಿಲ್ಲ, ದಿನಾ ಬಸ್ಸಿನಲ್ಲಿ ಓಡಾಟ. ನನ್ನ ಕೆಲಸ ಏನೆಂದು ಹೇಳಿದರೆ ಪಕ್ಕ ಕೂತವರು ನಂಬುತ್ತಿರಲಿಲ್ಲ: ಬಾಹ್ಯಾಕಾಶ ನೌಕೆಗಳ ದಾರಿ ಲೆಕ್ಕ ಹಾಕುವುದು. ಯಾವ ಕ್ಷಣದಲ್ಲಿ ನೌಕೆ ಎಲ್ಲಿರುತ್ತದೆ ಎಂಬ ಮಾಹಿತಿ ತುಂಬಿದ್ದಕ್ಕೆ ಟ್ರಾಜೆಕ್ಟರಿ ಫೈಲ್ ಎನ್ನುತ್ತೇವೆ. ಅದನ್ನು ನೋಡಿಕೊಂಡೇ ನೆಲದ ಮೇಲಿನ ಆಂಟೆನಾವನ್ನು ನೌಕೆಯತ್ತ ತಿರುಗಿಸುತ್ತಾರೆ.

ಆ ವರ್ಷ ಸವಿತಾ ಬಂದಳು. ಮುಂಡಗೋಡ ಕಡೆಯ ಇಂದೂರದವಳು, ನನಗಿಂತ ಬಹಳ ಚಿಕ್ಕವಳು. ನನ್ನ ಪ್ರೋಗ್ರಾಂ ಒಂದು ಫೈಲ್ ಮಾಡಲು ಇಡೀ ದಿನ ತೆಗೆದುಕೊಳ್ಳುತ್ತಿತ್ತು. ಅವಳು ಅದನ್ನು ತಿದ್ದಿ ಬರೆದ ಮೇಲೆ ಚಹಾ ಕುಡಿದು ಬರುವಷ್ಟರಲ್ಲಿ ಮುಗಿಯತೊಡಗಿತು. ಮುಖ್ಯಸ್ಥರಾದ ಪಾಟೀಲ ಸರ್ ಹೋದಲ್ಲಿ ಬಂದಲ್ಲಿ ಅದನ್ನೇ ಹೇಳುತ್ತಿದ್ದರು. ಟೀಮ್ ಲೀಡ್ ಹುದ್ದೆ ಖಾಲಿಯಾಗುವುದರಲ್ಲಿತ್ತು. ಅದು ನನಗೇ ಎಂದು ಮನೆಯಲ್ಲಿ ಹೇಳಿಯೂ ಬಿಟ್ಟಿದ್ದೆ. ಈಗ ಯಜಮಾನರು ಕೇಳಿದಾಗಲೆಲ್ಲ ಮಾತು ಮರೆಸಬೇಕಾಗುತ್ತಿತ್ತು. ಅವಳ ಡಬ್ಬಿಯ ಪಲ್ಯವನ್ನು ಎಲ್ಲರೂ ಹೊಗಳಿದರೆ ಉಪ್ಪು ಜಾಸ್ತಿ ಎಂದವಳು ನಾನೊಬ್ಬಳೇ. ಉಪ್ಪು ಸರಿಯಾಗಿಯೇ ಇತ್ತು.

ಚಂದ್ರನತ್ತ ಹೊರಟ ಒಂದು ನೌಕೆಯ ಫೈಲನ್ನು ಶುಕ್ರವಾರ ಗ್ರಾಹಕರಿಗೆ ಕಳಿಸಬೇಕಿತ್ತು. ಹೊಣೆ ಸವಿತಾಳದು. ಫೈಲ್ ಕೆಟ್ಟರೆ ನೌಕೆಯ ಸಂಪರ್ಕ ತಪ್ಪುತ್ತದೆ, ನಮ್ಮಂಥ ಚಿಕ್ಕ ಕಂಪನಿಗೆ ಮತ್ತೆ ಯಾರೂ ಕೆಲಸ ಕೊಡುವುದಿಲ್ಲ. ಬುಧವಾರ ಅವಳು ಪರದೆಯ ಮೇಲೆ ತೋರಿಸಿದ ದಾರಿಯ ನಕ್ಷೆಗೆ ಎಲ್ಲರೂ ಭೇಷ್ ಎಂದರು. ನಾನು ಮಾತ್ರ ಫೈಲನ್ನು ಸದ್ದಿಲ್ಲದೆ ನನ್ನ ಕಂಪ್ಯೂಟರಿಗೆ ನಕಲು ಮಾಡಿಕೊಂಡೆ. ತಪ್ಪು ಹುಡುಕಲೇಬೇಕೆಂಬ ಹಟ, ಬೇರೇನೂ ಅಲ್ಲ.

ನನ್ನಲ್ಲಿ ತೆರೆದಾಗ ಕೊನೆಯ ಭಾಗ, ಅಂದರೆ ನೌಕೆ ಚಂದ್ರನನ್ನು ಸಮೀಪಿಸುವ ದಿನಗಳು, ಇರಲೇ ಇಲ್ಲ. ಅವಳ ಕೋಡನ್ನು ಮೊದಲಿನಿಂದ ಓದಿದೆ. ಪ್ರೋಗ್ರಾಂ ಬರೆದದ್ದೆಲ್ಲ ಆಗಿಂದಾಗಲೇ ಫೈಲಿಗೆ ಹೋಗುವುದಿಲ್ಲ. ಸ್ವಲ್ಪ ಭಾಗ ಮೆಮೊರಿಯಲ್ಲಿ ಕಾಯುತ್ತಿರುತ್ತದೆ. ಕ್ಲೋಸ್ ಎಂಬ ಆಜ್ಞೆ ಕೊಟ್ಟಾಗಲೇ ಅದು ಫೈಲಿಗೆ ಇಳಿಯುವುದು. ನನ್ನ ಹಳೆಯ ಪ್ರೋಗ್ರಾಂ ಪ್ರತಿ ಭಾಗ ಬರೆದ ಮೇಲೂ ಫೈಲ್ ಮುಚ್ಚಿ ಮತ್ತೆ ತೆರೆಯುತ್ತಿತ್ತು, ಅದಕ್ಕೇ ನಿಧಾನ. ವೇಗಕ್ಕಾಗಿ ಆ ಸಾಲುಗಳನ್ನು ತೆಗೆಯುವಾಗ ಅವಳು ಕೊನೆಯ ಕ್ಲೋಸನ್ನೂ ತೆಗೆದಿದ್ದಳು. ನಕ್ಷೆಯನ್ನು ಅದೇ ಪ್ರೋಗ್ರಾಂ ಮೆಮೊರಿಯಿಂದಲೇ ಬಿಡಿಸುತ್ತಿದ್ದುದರಿಂದ ಎಲ್ಲವೂ ಸರಿಯಾಗಿ ಕಾಣುತ್ತಿತ್ತು.

ನನಗಾದ ಸಂತೋಷ ಹೇಳತೀರದು. ಅವಳೊಬ್ಬಳನ್ನೇ ಕರೆದು ಹೇಳಬಹುದಿತ್ತು. ಹೇಳಲಿಲ್ಲ. ಗುರುವಾರದ ಮೀಟಿಂಗಿಗೆ ಇಳಕಲ್ ಸೀರೆ ಉಟ್ಟುಕೊಂಡು ಹೋದೆ.

“ಸವಿತಾ, ಈ ಫೈಲ್ ಎಲ್ಲಿ ಕ್ಲೋಸ್ ಮಾಡೀದಿ, ತೋರಸು ನೋಡೂಣು,” ಎಂದೆ.

ಅವಳು ಕೋಡನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಮುಖ ಬಿಳಿಚಿಕೊಂಡಿತು. ಇನ್ನೇನು ಅಳುತ್ತಾಳೆ ಎಂದು ಕಾದೆ.

“ಮಾಡಿಲ್ಲರಿ ಅಕ್ಕಾರ, ನಂದ ತಪ್ಪು. ಎಲ್ಲಾರೂ ಚಲೋ ಐತಿ, ಚಲೋ ಐತಿ ಅಂದ್ರು. ಪೂರ್ತಿ ಓದಿದವ್ರು ನೀವೊಬ್ಬರ ನೋಡ್ರಿ,” ಎಂದಳು.

ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ನಿಮಗೆ ಹೇಗೆ ಅನುಮಾನ ಬಂತೆಂದು ಪಾಟೀಲ ಸರ್ ಕೇಳಿದಾಗ ಸುಮ್ಮನೆ ನೋಡಿದೆ ಎಂದು ತೇಲಿಸಿದೆ. ಕ್ಲೋಸ್ ಸಾಲು ಸೇರಿಸಿ, ಫೈಲನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ, ಶುಕ್ರವಾರ ಕಳಿಸಿದೆವು. ನೌಕೆ ಇರಬೇಕಾದ ಜಾಗದಲ್ಲೇ ಸಿಕ್ಕಿತು.

ಲೀಡ್ ಹುದ್ದೆ ಸವಿತಾಳಿಗೇ ಹೋಯಿತು. ಎಲ್ಲರೆದುರು ತಪ್ಪು ಒಪ್ಪಿಕೊಂಡ ಅವಳ ರೀತಿ ಪಾಟೀಲ ಸರ್‌ಗೆ ಬಹಳ ಹಿಡಿಸಿತಂತೆ. ಆ ಅವಕಾಶ ಮಾಡಿಕೊಟ್ಟವಳು ನಾನೇ. ಅವಳು ಮಾಡಿದ ಮೊದಲ ನಿಯಮವೆಂದರೆ, ಗಿರಿಜಕ್ಕ ತೆರೆದು ನೋಡದ ಹೊರತು ಯಾವ ಫೈಲೂ ಹೊರಗೆ ಹೋಗಕೂಡದು. ಗಿರಿಜಕ್ಕ ಅಂದರೆ ನಾನು.

ಬರೆದಾಯಿತೆಂದರೆ ಫೈಲ್ ಮುಗಿದಂತಲ್ಲ. ಮುಚ್ಚಬೇಕು, ಆಮೇಲೆ ಇನ್ನೊಬ್ಬರು ತಮ್ಮ ಕಂಪ್ಯೂಟರಿನಲ್ಲಿ ತೆರೆದು ನೋಡಬೇಕು. ಕೆಲಸ ನನಗೆ ಕಲಿಸಿದ್ದು ಇದು. ಆ ಇನ್ನೊಬ್ಬರು ನಿಮ್ಮನ್ನು ಮೆಚ್ಚಿಕೊಂಡವರಾಗಿರದಿದ್ದರೆ ಇನ್ನೂ ಒಳ್ಳೆಯದು. ಸವಿತಾಳ ಒಂದೊಂದು ಸಾಲನ್ನೂ ನಾನು ಈಗಲೂ ಹೊಟ್ಟೆ ಉರಿಸಿಕೊಂಡೇ ಓದುತ್ತೇನೆ. ಆ ಗುರುವಾರದ ನಂತರ ಅವಳು ಒಂದು ತಪ್ಪೂ ಮಾಡಿಲ್ಲ.