ದಕ್ಕೆಯಲ್ಲೇ ಉಳಿದ ಚಪ್ಪಲಿ

"ನಿನ್ನ ಚಪ್ಲಿ ಎಲ್ಲ್ಯಾವ?" ಎಂದು ನಿಮ್ಮ ಮುತ್ಯಾ ಕೇಳಿದಾಗಲೇ, ಮೊಮ್ಮಕ್ಕಳೇ, ನಾನು ನನ್ನ ಬರಿಗಾಲು ನೋಡಿಕೊಂಡದ್ದು. ಗೋವಾಕ್ಕೆ ಹೊರಟ ಹಳೆಯ ಹಡಗು ಆಗಲೇ ಮುಂಬೈ ದಕ್ಕೆ ಬಿಟ್ಟಿತ್ತು. ನಮ್ಮ ಕಡೆ ತಿಂಥಣಿಯಲ್ಲಿ ಹೊಳೆ ದಾಟುವಾಗ, ಕೃಷ್ಣೆ ತಾಯಿಯೆಂದು ನಾವು ಚಪ್ಪಲಿ ಕಳಚಿಯೇ ಹರಗೋಲು ಹತ್ತುವವರು. ಅದೇ ರೂಢಿಯಲ್ಲಿ ಕೆಳಗೆ ಕಳಚಿಟ್ಟು, ಅವರ ತೋಳು ಹಿಡಿದು ಹತ್ತಿಸುವ ಗಡಿಬಿಡಿಯಲ್ಲಿ ಮರೆತಿದ್ದೆ.

"ಏ ಹುಚ್ಚಿ, ಇದೇನು ತಿಂಥಣಿ ಹರಗೋಲೇನ?" ಎಂದು ಕೆಮ್ಮುತ್ತಲೇ ನಕ್ಕರು.

ಹರೆಯದಲ್ಲಿ ಅದೇ ಹಡಗಿನ ಹಿತ್ತಾಳೆ ಕಂಬಿ ತಿಕ್ಕಿದವರು ಅವರು. ಇನ್ನು ಊರಿಗೆ ಕರೆದೊಯ್ಯಿರಿ ಎಂದು ದವಾಖಾನೆಯವರು ಕೈಚೆಲ್ಲಿದ ಮೇಲೆ, ರೈಲು ಬೇಡ, ಗೋವಾ ಸುತ್ತಿಯೇ ಹೋಗೋಣ, ಒಮ್ಮೆಯಾದರೂ ಇದರಲ್ಲಿ ಪ್ರಯಾಣಿಕನಾಗಿ ಕೂಡಬೇಕು ಎಂದು ಹಟ ಹಿಡಿದಿದ್ದರು. ಸಾಗವಾನಿ ಹಲಗೆಯ ಮೇಲೆ ಕಾಲು ಚಾಚಿ, ಆ ಕಂಬಿಯನ್ನು ಸವರುತ್ತ ಹೇಳಿದರು: "ಹೊಸಾವು ಬರೇ ಓಡ್ತಾವ. ಇದು ತೊಟ್ಟಿಲದಂಗ ತೂಗ್ತದ ನೋಡು. ಚಪ್ಲಿ ಇರ್ಲಿ ಬಿಡು, ತಿರುಗಿ ಬಂದಾಗ ತಗೊಂಡ್ರಾತು."

"ಹೂಂ" ಎಂದೆ. ತಿರುಗಿ ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಶಹಾಪುರದ ನಮ್ಮ ಹೊಲಕ್ಕೆ ಕಾಲುವೆಯಲ್ಲಿ ಕೃಷ್ಣೆಯ ನೀರು ಬಂದಾಗ ಅವರಿರಲಿಲ್ಲ. ಹಡಗನ್ನೂ ಒಡೆದುಹಾಕಿದರಂತೆ. ಈಗಲೂ ಕಾಲುವೆಗೆ ಇಳಿಯುವಾಗ ಚಪ್ಪಲಿ ಕಳಚುತ್ತೇನೆ. ಹುಚ್ಚಿ ಎನ್ನುವವರಿಲ್ಲ.