ಹೊನ್ನುಗ್ಗಿಯ ದಿನ ಹಸಿರಾಗಿದ್ದ ಹೊಳೆ

ಅದು 2012ನೇ ಇಸವಿ, ಕಾರಹುಣ್ಣಿಮೆಯ ಹಿಂದಿನ ದಿನ. ನಮ್ಮ ಜಮಖಂಡಿ ಕಡೆ ಅದನ್ನು ಹೊನ್ನುಗ್ಗಿ ಎನ್ನುತ್ತೇವೆ. ಅಂದು ಎತ್ತುಗಳನ್ನು ಹೊಳೆಗೆ ಇಳಿಸಿ ಮೈ ತೊಳೆದು, ಪೂಜೆ ಮಾಡಿ, ಗೋಧಿ ಹುಗ್ಗಿ ಮಾಡಿ ತಿನ್ನಿಸುವುದು ರೂಢಿ. ನಾನು ಊರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಟೀಚರ್. ಊರಿಗೆಲ್ಲ 'ಅಕ್ಕೋರು'. ಗುಳಿಗೆಯ ಚೀಟಿ ಓದಿಸುವುದರಿಂದ ಹಿಡಿದು ಟಿ.ವಿ. ಯಾಕೆ ಹತ್ತುತ್ತಿಲ್ಲ ಎನ್ನುವವರೆಗೆ ಎಲ್ಲವನ್ನೂ ನನ್ನನ್ನೇ ಕೇಳುತ್ತಿದ್ದರು. ನನಗೂ ಅದರ ಜಂಬ ಇತ್ತು, ಸುಳ್ಳು ಯಾಕೆ ಹೇಳಲಿ.

ಆ ವರ್ಷ ಮಳೆ ತಡವಾಗಿತ್ತು. ಹೊಳೆಗೆ ಅಡ್ಡ ಕಟ್ಟಿದ ಬ್ಯಾರೇಜಿನ ಹಿನ್ನೀರು ಹರಿಯದೆ ನಿಂತುಬಿಟ್ಟಿತ್ತು. ಪೂಜೆಗೆ ಒಂದು ತಂಬಿಗೆ ನೀರು ತರಲು ಬೆಳಿಗ್ಗೆ ದಂಡೆಗೆ ಹೋದರೆ, ಗಾಳಿಗೆ ದಡ ಸೇರಿದ ನೀರಿನ ಮೇಲೆ ಹಸಿರು ಕೆನೆ ಕಟ್ಟಿತ್ತು. ಗೋಡೆಗೆ ಬಳಿಯುವ ಬಣ್ಣ ಚೆಲ್ಲಿದ ಹಾಗೆ ಕಾಣುತ್ತಿತ್ತು. ಕೊಳೆತ ಹುಲ್ಲಿನ ವಾಸನೆ ಬೇರೆ. ನಮ್ಮ ಪಕ್ಕದ ಮನೆಯ ರುದ್ರಪ್ಪ ಕಾಕಾ ತಮ್ಮ ಜೋಡೆತ್ತು ಹಂಡ್ಯಾ, ಬಿಳ್ಯಾ ಹಿಡಿದುಕೊಂಡು ಅಲ್ಲೇ ನಿಂತಿದ್ದರು. ಮಕ್ಕಳಿಲ್ಲದ ಮನೆ. ಆ ಎತ್ತುಗಳ ಮುಂದೆ ನೀರು, ಮೇವು ಇಟ್ಟ ಮೇಲೆಯೇ ಗಂಡ ಹೆಂಡತಿ ಚಹಾ ಕುಡಿಯುತ್ತಿದ್ದರು.

"ಅಕ್ಕೋರ, ನೀರ ಹಿಂಗ್ಯಾಕ ಹಸರ ಆಗೇತ್ರಿ? ಎತ್ತ ಇಳಸ್ಲ್ಯೋ ಬ್ಯಾಡೋ?" ಎಂದು ಕೇಳಿದರು.

"ಪಾಚಿ ರೀ ಕಾಕಾ. ಅದರಿಂದ ನೀರಿಗೆ ಆಕ್ಸಿಜನ್ ಸಿಗತೈತಿ, ಛಲೋನ. ಮ್ಯಾಲಿನ ಕೆನಿ ಸರಿಸಿ ತೊಳೀರಿ, ಏನೂ ಆಗೂದಿಲ್ಲ," ಎಂದೆ.

"ಮನ್ಯಾಗಿನಾಕಿ ಬೋರಿನ ನೀರಾಗ ತೊಳೀರಿ ಅಂದಳ್ರಿ. ಹಬ್ಬದ ದಿನಾ ಹೊಳಿ ಬಿಟ್ಟು ಬೋರಿಗೆ ಹೋಗೂದು ಹೆಂಗ? ನೀವ ಅಂದ ಮ್ಯಾಲ ಆತ ಬಿಡ್ರಿ."

ನಾನು ತಂಬಿಗೆಯಲ್ಲಿ ಆದಷ್ಟು ತಿಳಿ ನೀರು ತುಂಬಿಕೊಂಡು ಮನೆಗೆ ಬಂದೆ. ಪುಸ್ತಕದಲ್ಲಿದ್ದ ಒಂದು ಸಾಲು ಹೇಳಿ ಬಂದಿದ್ದೆ, ಅಷ್ಟೇ.

ಮಧ್ಯಾಹ್ನ ಅವರ ಹೆಂಡತಿ ಗೌರವ್ವ ಚಿಕ್ಕಮ್ಮ ಓಡಿ ಬಂದರು. "ಅಕ್ಕೋರ, ಹಂಡ್ಯಾ ಏಳವಲ್ದು ಬರ್ರಿ." ಹೋಗಿ ನೋಡಿದರೆ ಹಂಡ್ಯಾ ದನದ ಕೊಟ್ಟಿಗೆಯಲ್ಲಿ ಕಾಲು ಚಾಚಿ ಮಲಗಿತ್ತು. ಬಾಯಲ್ಲಿ ನೊರೆ, ಮೈಯೆಲ್ಲ ನಡುಕ. ಬಿಳ್ಯಾ ನಿಂತಿತ್ತು, ಆದರೆ ತೂರಾಡುತ್ತಿತ್ತು. ಮೈ ಒಣಗಿ ಕೂದಲಿಗೆ ಹಸಿರು ಅಂಟಿತ್ತು, ಅದನ್ನೇ ನೆಕ್ಕಿಕೊಳ್ಳುತ್ತಿತ್ತು.

ಜಮಖಂಡಿಯಿಂದ ದನದ ಡಾಕ್ಟರು ಬೈಕಿನಲ್ಲಿ ಬರುವಷ್ಟರಲ್ಲಿ ಹಂಡ್ಯಾ ಕಣ್ಣು ಮೇಲೆ ಮಾಡಿ ಪ್ರಾಣ ಬಿಟ್ಟಿತ್ತು. ಡಾಕ್ಟರು ಬಿಳ್ಯಾನಿಗೆ ಸಲೈನ್ ಹಚ್ಚಿ, ಹೊಳೆಗೆ ಹೋಗಿ ನೀರು ನೋಡಿ ಬಂದರು.

"ಎಲ್ಲಾ ಪಾಚಿ ಒಂದ ಅಲ್ರಿ ಟೀಚರ್. ಇದರಾಗ ವಿಷದ ಜಾತಿ ಇರತಾವು. ನಾ ಕಾರವಾರದಾಗ ಇದ್ದಾಗ ಸಮುದ್ರದಾಗೂ ಇಂಥಾದ್ದ ನೋಡೀನಿ. ನೀರಿನ ಬಣ್ಣ ತಿರುಗಿ, ಸತ್ತ ಮೀನ ದಂಡಿಗೆ ಬಂದು ಬೀಳತಿದ್ವು. ಇದಕ್ಕ ಇಂಥಾದ್ದ ಅಂತ ಔಷಧ ಇಲ್ರಿ."

"ಇದು ಎಲ್ಲಿಂದ ಬಂತ್ರಿ ನಮ್ಮ ಹೊಳಿಗೆ?" ಎಂದು ಕೇಳಿದೆ.

"ಎಲ್ಲಿಂದೂ ಬಂದಿಲ್ರಿ. ಪಾಚಿ ಮೊದಲೂ ಇತ್ತು. ಕಬ್ಬಿಗೆ ಚೀಲಗಟ್ಟಲೆ ಗೊಬ್ಬರ ಹಾಕಿ ನೀರ ಬಿಡತೀರಿ. ಹೆಚ್ಚಾದದ್ದು ಹಳ್ಳ ಹಿಡದು ಹೊಳಿಗೆ ಬರತೈತಿ. ಊರ ಗಟಾರದ ನೀರೂ ಅಲ್ಲೇ. ಮ್ಯಾಲ ಬಿಸಲು, ಕೆಳಗ ನಿಂತ ನೀರು. ಕಬ್ಬಿಗೆ ಹಾಕಿದ್ದನ್ನ ಅದು ಉಂಡು ಬೆಳೀತು."

ಸುತ್ತ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದಂಡೆಗೆ ಹತ್ತಿದ ಕಬ್ಬಿನ ಹೊಲಗಳಲ್ಲಿ ನಮ್ಮದೂ ಒಂದು. ಹದಿನೈದು ದಿನದ ಕೆಳಗೆ ನಮ್ಮ ಯಜಮಾನರು ಯೂರಿಯಾ ಹಾಕಿ ನೀರು ಬಿಟ್ಟು, ರಾತ್ರಿಯಿಡೀ ಮೋಟರು ಚಾಲೂ ಇಟ್ಟಿದ್ದರು.

ಕಾರಹುಣ್ಣಿಮೆಯ ಬೆಳಿಗ್ಗೆ ಊರವರೆಲ್ಲ ಎತ್ತುಗಳ ಕೋಡಿಗೆ ಬಣ್ಣ ಹಚ್ಚುವಾಗ ಬಿಳ್ಯಾನೂ ಹೋಯಿತು. ಗೌರವ್ವ ಚಿಕ್ಕಮ್ಮ ಮಾಡಿದ್ದ ಹುಗ್ಗಿ ಪಾತ್ರೆಯಲ್ಲಿ ಹಾಗೆಯೇ ಹಳಸಿತ್ತು. ಆ ತಾಯಿ ಅಳಲೂ ಇಲ್ಲ. ಖಾಲಿ ಗೂಟದ ಹತ್ತಿರ ಕೂತೇ ಇದ್ದರು.

ನಾನು ಒಂದು ಬಾಟಲಿಯಲ್ಲಿ ಆ ನೀರು ತುಂಬಿಕೊಂಡು ಪಂಚಾಯಿತಿಗೆ ಹೋದೆ. "ಮಳಿ ಬಂದ್ರ ಹೋಗತೈತಿ ಬಿಡ್ರಿ ಅಕ್ಕೋರ," ಎಂದರು ಅಲ್ಲಿದ್ದವರು. ಖರೆ, ಮಳೆ ಬಂತು, ಹೊಳೆ ಕೆಂಪಾಗಿ ಹರಿಯಿತು, ಎಲ್ಲರೂ ಮರೆತರು. ಮನೆಯಲ್ಲಿ ಗೊಬ್ಬರ ಕಡಿಮೆ ಮಾಡಿರಿ ಎಂದೆ. "ನಾ ಒಬ್ಬಾಂವ ಬಿಟ್ರ ಹೊಳಿ ಸುದ್ದ ಆಗತೈತೇನು? ಎಲ್ಲಾರೂ ಬಿಡ್ಲಿ, ನಾನೂ ಬಿಡತೀನಿ," ಎಂದರು ಯಜಮಾನರು. ಮರುವರ್ಷ ಮೇ ತಿಂಗಳಲ್ಲಿ ದಂಡೆ ಮತ್ತೆ ಹಸಿರಾಯಿತು. ಆಮೇಲೂ ಎಷ್ಟೋ ಬೇಸಿಗೆ ಹಾಗೇ ಆಗಿದೆ.

ರುದ್ರಪ್ಪ ಕಾಕಾನ ಹತ್ತಿರ ತಪ್ಪಾಯಿತು ಎನ್ನಲು ನನಗೆ ಒಂದು ವರ್ಷ ಹಿಡಿಯಿತು. ಗೋಡೆಗೆ ಗೋಡೆ ಹತ್ತಿದ ಮನೆ, ಆದರೂ ಕಾಲು ಏಳುತ್ತಿರಲಿಲ್ಲ. ಕೊನೆಗೆ ಹೋಗಿ ಕೈ ಮುಗಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಅವರು ಮೆಲ್ಲಗೆ ಹೇಳಿದರು: "ನಿಮ್ಮ ಮ್ಯಾಲ ಸಿಟ್ಟಿಲ್ರಿ ಅಕ್ಕೋರ. ನೀವು ಹೋದ ಮ್ಯಾಲ ಎರಡೂ ನೀರು ಮೂಸಿ ಮೂಸಿ ಹಿಂದ ಸರದ್ವು. ಒಲ್ಲೆ ಅಂದ್ವು. ಅವಕ್ಕ ತಿಳದಿತ್ತು. ಸಾಲಿ ಕಲತವರು ಹೇಳ್ಯಾರಂತ ನಾನ ಹಗ್ಗ ಜಗ್ಗಿ ಇಳಿಸಿದೆ."

ನಾನು ಎದ್ದು ಬಂದೆ. ಅವರು ಮತ್ತೆ ಎತ್ತು ಕಟ್ಟಲಿಲ್ಲ. ನನ್ನನ್ನೂ ಮತ್ತೆ ಏನನ್ನೂ ಕೇಳಲಿಲ್ಲ.